ಅರವತ್ತರ ನಂತರ ಮೂಳೆ: ಟೊಳ್ಳಾಗುವುದು, ಬೀಳುವುದು, ಮುರಿಯುವುದು. ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುತ್ತೇನೆ. ಬಸವನಗುಡಿ, ಜಯನಗರ, ಬನಶಂಕರಿ ಕಡೆ ಜಾಸ್ತಿ. ಬಿದ್ದು ಮೂಳೆ ಮುರಿದುಕೊಂಡ ಹಿರಿಯರನ್ನು ಮತ್ತೆ ನಡೆಸುವುದೇ ನನ್ನ ಕೆಲಸ. ಆ ಮನೆಗಳಲ್ಲಿ, ಫೋನಿನಲ್ಲಿ, ಕಾಗದಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಔಷಧಿ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದೇ. ಆದರೆ ಏನು ಕೇಳಬೇಕು ಅಂತ ಗೊತ್ತಿದ್ದರೆ ಅವರ ಮುಂದೆ ಕೂತ ಐದು ನಿಮಿಷ ದಂಡವಾಗುವುದಿಲ್ಲ.

## ಮೊದಲ ಪ್ರಶ್ನೆಗಳು

“ಅಮ್ಮನಿಗೆ ಮೂಳೆ ಸವೆದಿದೆ ಅಂದ್ರು. ಮಂಡಿ ಸವೆತ ಅಂತಾರಲ್ಲ, ಅದೇನಾ ಇದು?”

ಅಲ್ಲ. ನಾವು ಎರಡಕ್ಕೂ ‘ಸವೆತ’ ಅಂತಲೇ ಹೇಳುತ್ತೇವೆ, ಅದಕ್ಕೇ ಈ ಗೊಂದಲ. ಮಂಡಿ ಸವೆತದಲ್ಲಿ ತೇಯುವುದು ಕೀಲಿನೊಳಗಿನ ಮೆತ್ತೆ. ಕೂತು ಏಳುವಾಗ ನೋಯುತ್ತದೆ, ಊದುತ್ತದೆ. ಅದು ಆಸ್ಟಿಯೋ ಆರ್ಥ್ರೈಟಿಸ್. ಆಸ್ಟಿಯೋಪೊರೋಸಿಸ್ ಬೇರೆ. ಇದರಲ್ಲಿ ಮೂಳೆಯೇ ಒಳಗಿನಿಂದ ಟೊಳ್ಳಾಗುತ್ತದೆ, ಗೆದ್ದಲು ಹಿಡಿದ ತೊಲೆಯ ಹಾಗೆ. ಹೊರಗೆ ಏನೂ ಕಾಣುವುದಿಲ್ಲ, ನೋವೂ ಇಲ್ಲ, ಮುರಿಯುವವರೆಗೆ. ಒಬ್ಬರಿಗೇ ಎರಡೂ ಇರಬಹುದು. ಮಂಡಿ ನೋವಿಗೆ ಕೊಟ್ಟ ಮಾತ್ರೆಯಿಂದ ಟೊಳ್ಳು ಮೂಳೆ ಗಟ್ಟಿಯಾಗುವುದಿಲ್ಲ. ಆದ್ದರಿಂದ ‘ಸವೆತ’ ಅನ್ನುವ ಮಾತು ಕೇಳಿದ ಕೂಡಲೇ, “ಕೀಲಿನದೋ ಮೂಳೆಯದೋ?” ಅಂತ ಕೇಳಿಬಿಡಿ.

“ವಯಸ್ಸಾದ್ಮೇಲೆ ಎಲ್ಲರಿಗೂ ಹಿಂಗೇ ಅಲ್ವಾ? ಇದನ್ನೊಂದು ಕಾಯಿಲೆ ಅಂತ ಯಾಕೆ ಮಾಡ್ತೀರಿ?”

ಮೂಳೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ಒಳಗೆ ಒಂದು ಬಗೆಯ ಜೀವಕೋಶ ಹಳೆಯದನ್ನು ಕೆಡವುತ್ತಲೇ ಇರುತ್ತದೆ, ಇನ್ನೊಂದು ಬಗೆಯದು ಹೊಸದಾಗಿ ಕಟ್ಟುತ್ತಲೇ ಇರುತ್ತದೆ. ಮೂವತ್ತರ ಆಸುಪಾಸಿನವರೆಗೆ ಕಟ್ಟುವುದೇ ಜಾಸ್ತಿ. ಆಮೇಲೆ ನಿಧಾನವಾಗಿ ಲೆಕ್ಕ ತಿರುಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದು, ಮೊದಲ ಐದಾರು ವರ್ಷ ಕೆಡವುವ ಕೆಲಸ ಬಹಳ ಜೋರಾಗುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಪಶ್ಚಿಮದ ದೇಶಗಳಲ್ಲಿ ಅದು ಸುಮಾರು 51. ಅಂದರೆ ನಮ್ಮ ಹೆಂಗಸರಿಗೆ ಈ ಇಳಿಕೆ ಬೇಗ ಶುರುವಾಗುತ್ತದೆ.

ಸ್ವಲ್ಪ ಇಳಿಯುವುದು ಸಹಜ, ಒಪ್ಪುತ್ತೇನೆ. ಆದರೆ ನಿಂತಲ್ಲೇ ಜಾರಿ ಬಿದ್ದರೆ ಮೂಳೆ ಮುರಿಯುವುದು ಸಹಜ ಅಲ್ಲ, ಎಷ್ಟೇ ವಯಸ್ಸಾಗಿರಲಿ. ಐವತ್ತು ದಾಟಿದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರು, ಗಂಡಸರಲ್ಲಿ ಐವರಲ್ಲಿ ಒಬ್ಬರು ಮುಂದೆ ಇಂಥ ಮುರಿತ ಅನುಭವಿಸುತ್ತಾರೆ ಅನ್ನುವುದು ಜಗತ್ತಿನ ಮಟ್ಟದ ಅಂದಾಜು. ತಡೆಯಲು ದಾರಿ ಇರುವುದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ನೆ ಕೂರುವುದು ನನಗೆ ಸರಿ ಕಾಣುವುದಿಲ್ಲ.

“ಇದು ಹೆಂಗಸರ ಕಾಯಿಲೆ ಅಲ್ವಾ? ನಮ್ಮ ಯಜಮಾನ್ರಿಗೆ ಯಾಕೆ ಟೆಸ್ಟ್ ಬರ್ಕೊಟ್ರು?”

ಗಂಡಸರಿಗೂ ಬರುತ್ತದೆ, ಸ್ವಲ್ಪ ತಡವಾಗಿ. ಬೀಡಿ ಸಿಗರೇಟು, ಕುಡಿತ, ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ಇಂಜೆಕ್ಷನ್ ಇದಕ್ಕೆ ದಾರಿ ಮಾಡುತ್ತವೆ. ಸೊಂಟ (ಅಂದರೆ ತೊಡೆಮೂಳೆಯ ಮೇಲ್ತುದಿ) ಮುರಿದುಕೊಂಡ ಗಂಡಸರು ಮೊದಲ ವರ್ಷದಲ್ಲೇ ತೀರಿಕೊಳ್ಳುವ ಸಾಧ್ಯತೆ ಹೆಂಗಸರಿಗಿಂತ ಜಾಸ್ತಿ. ಟೆಸ್ಟ್ ಮಾಡಿಸಿ.

“ನೋವೇ ಇಲ್ಲ ಅಂದ್ರೆ ಮುಂಚೆನೇ ಗೊತ್ತಾಗೋದು ಹೆಂಗೆ?”

ಎತ್ತರ ನೋಡಿ. ಬೆನ್ನುಮೂಳೆಯ ಮಣಿಗಳು ಕುಸಿದಾಗ ಮೂವರಲ್ಲಿ ಇಬ್ಬರಿಗೆ ಅದು ಮುರಿತ ಅಂತಲೇ ಗೊತ್ತಾಗುವುದಿಲ್ಲ. ‘ಬೆನ್ನು ಹಿಡ್ಕೊಂಡಿದೆ’ ಅಂದುಕೊಂಡು ಮುಲಾಮು ಹಚ್ಚಿ ಮಲಗುತ್ತಾರೆ. ಆದರೆ ಮನೆಯವರಿಗೆ ಕೆಲವು ಸೂಚನೆ ಸಿಗುತ್ತದೆ. ಹೋದ ವರ್ಷ ಸರಿಯಾಗಿದ್ದ ನೈಟಿ ಈ ವರ್ಷ ನೆಲಕ್ಕೆ ತಾಗುತ್ತದೆ. ಕೈಗೆಟುಕುತ್ತಿದ್ದ ಗೂಡಿನ ಡಬ್ಬಿ ಎಟುಕುವುದಿಲ್ಲ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನಿಂತರೆ ತಲೆಯ ಹಿಂಭಾಗ ಗೋಡೆ ಮುಟ್ಟುವುದಿಲ್ಲ. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಇಳಿದಿದ್ದರೆ ಬೆನ್ನಿನ ಎಕ್ಸ್‌ರೇ ಬೇಕಾ ಅಂತ ಡಾಕ್ಟರನ್ನು ಕೇಳಲೇಬೇಕು.

“ಅಪ್ಪನಿಗೆ ಆಸ್ತಮಾ, ಅಮ್ಮನಿಗೆ ಸಂಧಿವಾತ. ಅವರ ಮಾತ್ರೆಗಳಿಂದ ಮೂಳೆಗೆ ತೊಂದರೆ ಇದೆಯಾ?”

ಸ್ಟೀರಾಯ್ಡ್ ಮಾತ್ರೆ ಇದ್ದರೆ ಇದೆ. ಪ್ರೆಡ್ನಿಸೊಲೋನ್‌ನಂಥದ್ದನ್ನು ಮೂರು ತಿಂಗಳಿಗಿಂತ ಹೆಚ್ಚು ತೆಗೆದುಕೊಂಡರೆ ಮೂಳೆ ಬೇಗ ಬಡವಾಗುತ್ತದೆ. ಸಂಧಿವಾತ (ಮಂಡಿ ಸವೆತ ಅಲ್ಲ, ರುಮಟಾಯ್ಡ್ ಆರ್ಥ್ರೈಟಿಸ್) ತಾನೇ ಮೂಳೆಗೆ ಕೆಟ್ಟದ್ದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಅಗತ್ಯಕ್ಕಿಂತ ಜಾಸ್ತಿಯಾದ ಥೈರಾಯ್ಡ್ ಮಾತ್ರೆ, ಸ್ತನ ಕ್ಯಾನ್ಸರ್ ನಂತರದ ಕೆಲವು ಮಾತ್ರೆ, ವರ್ಷಗಟ್ಟಲೆ ನುಂಗುವ ಗ್ಯಾಸ್ ಮಾತ್ರೆ, ಇವೂ ಪಟ್ಟಿಯಲ್ಲಿವೆ. ಶುಗರ್ ಇದ್ದವರ ಕಥೆ ಇನ್ನೂ ವಿಚಿತ್ರ: ಸ್ಕ್ಯಾನಿನಲ್ಲಿ ಮೂಳೆ ಸಾಂದ್ರತೆ ಚೆನ್ನಾಗಿಯೇ ಕಾಣುತ್ತದೆ, ಆದರೂ ಮುರಿಯುವುದು ಜಾಸ್ತಿ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಸ್ಟೀರಾಯ್ಡ್ ಅಂತೂ ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. “ಮೂಳೆ ಕಾಪಾಡಲು ಜೊತೆಗೆ ಏನಾದರೂ ಬೇಕಾ?” ಅಂತ ಕೇಳಿ.

## ಟೆಸ್ಟ್

“ಅಪಾರ್ಟ್‌ಮೆಂಟ್ ಕ್ಯಾಂಪಲ್ಲಿ ಕಾಲು ಇಟ್ಟು ನೋಡಿದ್ರು, ಮೂಳೆ ವೀಕ್ ಅಂದ್ರು. ನಂಬೋದಾ?”

ಹಿಮ್ಮಡಿಯನ್ನು ಚಿಕ್ಕ ಯಂತ್ರದಲ್ಲಿ ಇಟ್ಟು ನೋಡುವುದು ಅಲ್ಟ್ರಾಸೌಂಡ್ ಪರೀಕ್ಷೆ. ಮುಂದೆ ನೋಡಬೇಕು ಅನ್ನುವುದಕ್ಕೆ ಅದೊಂದು ಸುಳಿವು, ಅಷ್ಟೇ. ಆ ಚೀಟಿ ಹಿಡಿದು ವರ್ಷಗಟ್ಟಲೆ ಮಾತ್ರೆ ಶುರು ಮಾಡಬೇಡಿ. ಅದರಲ್ಲಿ ಚೆನ್ನಾಗಿದೆ ಅಂದರೂ ನಿಶ್ಚಿಂತರಾಗಬೇಡಿ. ಸರಿಯಾದ ಪರೀಕ್ಷೆ ಡೆಕ್ಸಾ ಸ್ಕ್ಯಾನ್. ಸೊಂಟ ಮತ್ತು ಕೆಳಬೆನ್ನನ್ನು ನೋಡುತ್ತದೆ, ಹದಿನೈದು ಇಪ್ಪತ್ತು ನಿಮಿಷ ಮಲಗಿದರೆ ಸಾಕು, ವಿಕಿರಣ ಬಹಳ ಕಡಿಮೆ. 65 ದಾಟಿದ ಹೆಂಗಸರು, 70 ದಾಟಿದ ಗಂಡಸರು ಮಾಡಿಸಬೇಕು. ಐವತ್ತರ ಮೇಲೆ ಸಣ್ಣ ಬೀಳುವಿಕೆಗೆ ಮೂಳೆ ಮುರಿದಿದ್ದರೆ ವಯಸ್ಸಿಗೆ ಕಾಯುವುದೇ ಬೇಡ. ಬೆಂಗಳೂರಿನಲ್ಲಿ ಇದರ ಬೆಲೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ನಾಲ್ಕು ಕಡೆ ಫೋನ್ ಮಾಡಿ ಕೇಳಿ. ಮುಂದಿನ ಸಲವೂ ಅದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಹಳೆಯದಕ್ಕೂ ಹೊಸದಕ್ಕೂ ತಾಳೆ ಹಾಕುವುದು ಕಷ್ಟ.

“ಟಿ-ಸ್ಕೋರ್ ಮೈನಸ್ 1.8 ಬಂದಿದೆ. ಬಾರ್ಡರ್ ಅಂತೆ. ಹಾಗಾದ್ರೆ ಭಯ ಇಲ್ಲ ಅಲ್ವಾ?”

ಟಿ-ಸ್ಕೋರ್ ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆಗಳು ಇವು: ಮೈನಸ್ 1ರವರೆಗೆ ಸರಿ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಆಸ್ಟಿಯೋಪೀನಿಯಾ (ಮೂಳೆ ಸಾಂದ್ರತೆ ಸ್ವಲ್ಪ ಇಳಿದಿರುವುದು), ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್.

ಆದರೆ ಮೂಳೆ ಈ ಗೆರೆ ನೋಡಿಕೊಂಡು ಮುರಿಯುವುದಿಲ್ಲ. ಮುರಿದುಕೊಂಡವರಲ್ಲಿ ಬಹಳ ಮಂದಿ ನಿಮ್ಮ ಹಾಗೆ ನಡುವಿನ ಗುಂಪಿನವರೇ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಫ್ರ್ಯಾಕ್ಸ್ ಎಂಬ ಲೆಕ್ಕ ಹೊರತಂದಿತು. ವಯಸ್ಸು, ತೂಕ, ಹಿಂದಿನ ಮುರಿತ, ಅಪ್ಪ ಅಮ್ಮ ಸೊಂಟ ಮುರಿದುಕೊಂಡಿದ್ದರೇ, ಸಿಗರೇಟು, ಸ್ಟೀರಾಯ್ಡ್, ಇವನ್ನೆಲ್ಲ ಸೇರಿಸಿ ಮುಂದಿನ ಹತ್ತು ವರ್ಷದಲ್ಲಿ ಮುರಿಯುವ ಸಾಧ್ಯತೆ ಎಷ್ಟು ಅಂತ ಅದು ಹೇಳುತ್ತದೆ. ಭಾರತಕ್ಕೆ ಬೇರೆ ಮಾದರಿಯೇ ಇದೆ. ಆದರೆ ನೀವು ಹೋದ ವರ್ಷ ಎಷ್ಟು ಸಲ ಬಿದ್ದಿರಿ ಅಂತ ಅದರ ಮೂಲ ಲೆಕ್ಕ ಕೇಳುವುದಿಲ್ಲ. ಅದನ್ನು ನೀವೇ ಡಾಕ್ಟರಿಗೆ ಹೇಳಬೇಕು.

## ಊಟ, ಬಿಸಿಲು

“ದಿನಾ ರಾಗಿ ಮುದ್ದೆ ತಿಂತೀನಿ. ಮತ್ತೆ ಕ್ಯಾಲ್ಸಿಯಂ ಕಮ್ಮಿ ಅಂದ್ರೆ ಹೆಂಗೆ?”

ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಯಾವ ಅಕ್ಕಿ, ಗೋಧಿಯೂ ಅದರ ಹತ್ತಿರ ಬರುವುದಿಲ್ಲ. ಆದರೆ ಎಪ್ಪತ್ತರ ಅಜ್ಜಿ ತಿನ್ನುವುದು ಎಷ್ಟು? ಅರ್ಧ ಮುದ್ದೆ. ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200. ಜೊತೆಗೆ ರಾಗಿಯಲ್ಲಿರುವ ಫೈಟೇಟ್ ಒಂದಿಷ್ಟು ಕ್ಯಾಲ್ಸಿಯಂ ಅನ್ನು ದೇಹಕ್ಕೆ ಬಿಟ್ಟುಕೊಡುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯಲ್ಲಿ, ಹುಳಿ ಬಂದ ಅಂಬಲಿಯಲ್ಲಿ ಅದು ಕಡಿಮೆಯಾಗುತ್ತದೆ. ನಮ್ಮ ಹಿರಿಯರ ಆ ಪದ್ಧತಿ ಬಿಡಬೇಡಿ.

ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. ಒಂದು ಬಟ್ಟಲು ಮೊಸರೂ ಹತ್ತಿರ ಹತ್ತಿರ ಅಷ್ಟೇ. ನುಗ್ಗೆ ಸೊಪ್ಪು ಒಳ್ಳೆಯದು. ದಂಟು, ಪಾಲಕ್‌ನಲ್ಲಿ ಆಕ್ಸಲೇಟ್ ಇರುವುದರಿಂದ ಪುಸ್ತಕದಲ್ಲಿ ಬರೆದಷ್ಟು ದಕ್ಕುವುದಿಲ್ಲ. ಮುದ್ದೆ, ನುಗ್ಗೆ ಸೊಪ್ಪಿನ ಬಸ್ಸಾರು, ಗಟ್ಟಿ ಮೊಸರು, ಮಲಗುವ ಮುಂಚೆ ಒಂದು ಲೋಟ ಹಾಲು. ಹೀಗೆ ಒಟ್ಟು ಸೇರಿಸಬೇಕು. ಮತ್ತೊಂದು ಮಾತು. ನಾನು ಹೋಗುವ ಮನೆಗಳಲ್ಲಿ ಅಜ್ಜಿಯಂದಿರು ರಾತ್ರಿ ಬರೀ ಅನ್ನ ಸಾರು ತಿಂದು ಮಲಗುತ್ತಾರೆ. ಬೇಳೆ, ಕಾಳು, ಮೊಟ್ಟೆ ಇಲ್ಲದೆ ತೊಡೆಯ ಸ್ನಾಯು ಕರಗುತ್ತದೆ, ಸ್ನಾಯು ಕರಗಿದವರು ಬೀಳುತ್ತಾರೆ.

“ಕಾಫಿ ಬಿಡಬೇಕಾ?”

ಬೇಡ. ಕೆಫೀನ್‌ನಿಂದ ಹೋಗುವ ಕ್ಯಾಲ್ಸಿಯಂ ಸ್ವಲ್ಪವೇ. ನಮ್ಮ ಫಿಲ್ಟರ್ ಕಾಫಿಗೆ ಬೀಳುವ ಹಾಲು ಅದನ್ನು ತುಂಬಿಕೊಡುತ್ತದೆ. ದಿನಕ್ಕೆ ಎರಡು ಮೂರು ಲೋಟ ಧಾರಾಳವಾಗಿ ಕುಡಿಯಿರಿ. ಕಾಫಿಯೇ ಊಟದ ಜಾಗ ತಗೊಂಡರೆ ಮಾತ್ರ ತೊಂದರೆ.

“ಬೆಳಗ್ಗೆ ಆರಕ್ಕೇ ಲಾಲ್‌ಬಾಗಲ್ಲಿ ವಾಕ್ ಮಾಡ್ತೀನಿ. ಆದ್ರೂ ವಿಟಮಿನ್ ಡಿ ಕಮ್ಮಿ ಬಂತಲ್ಲ?”

ಆ ಹೊತ್ತಿನ ಬಿಸಿಲಿನಲ್ಲಿ ವಿಟಮಿನ್ ಡಿ ಮಾಡುವ ಕಿರಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಸಿಗುವುದು ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದಾಗ, ಅಂದರೆ ಸುಮಾರು ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ. ಕೈ, ಕಾಲು ಬರಿದಾಗಿರಬೇಕು. ತುಂಬುತೋಳು, ಶಾಲು, ಸ್ವೆಟರ್ ಹಾಕಿಕೊಂಡು ಕೂತರೆ ಉಪಯೋಗವಿಲ್ಲ. ಕಿಟಕಿಯ ಗಾಜಿನ ಹಿಂದೆ ಕೂತರೂ ಇಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೋಡ ಇಲ್ಲದ ದಿನ ವರ್ಷವಿಡೀ ಸಾಕಷ್ಟು ಸಿಗುತ್ತದೆ. ಆದರೆ ವಯಸ್ಸಾದ ಚರ್ಮ ಅದನ್ನು ಮಾಡುವುದೂ ಕಡಿಮೆ, ನಮ್ಮ ಬಣ್ಣಕ್ಕೆ ಹೊತ್ತೂ ಜಾಸ್ತಿ ಬೇಕು. ಹಾಗಾಗಿ ಅನೇಕರಿಗೆ ಪುಡಿ ಅಥವಾ ಮಾತ್ರೆ ಬೇಕೇ ಆಗುತ್ತದೆ. ಲಾಲ್‌ಬಾಗಿನ ನಡಿಗೆ ನಿಲ್ಲಿಸಬೇಡಿ, ಅದು ಕಾಲಿಗೆ ಬೇಕು.

“ವಿಟಮಿನ್ ಡಿ 60,000 ಯೂನಿಟ್ ಪುಡಿ ಖಾಲಿ ಆಯ್ತು. ಇನ್ನೂ ತರಿಸ್ಕೊಳ್ಳೋದಾ?”

ಕೇಳದೆ ತರಿಸಬೇಡಿ. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು ಅಂತ ಬರೆಯುತ್ತಾರೆ. ಇದನ್ನು ದಿನಕ್ಕೊಂದು ಅಂತ ತಪ್ಪು ತಿಳಿದವರನ್ನು ನಾನೇ ನೋಡಿದ್ದೇನೆ. ವಿಟಮಿನ್ ಡಿ ಕೊಬ್ಬಿನಲ್ಲಿ ಉಳಿಯುತ್ತದೆ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಂಕು, ಕಿಡ್ನಿಗೆ ಪೆಟ್ಟು. ಚೀಟಿಯ ಮೇಲೆ ‘ಭಾನುವಾರ ಮಾತ್ರ’ ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆದಿಡಿ.

“ಕ್ಯಾಲ್ಸಿಯಂ ಮಾತ್ರೆ ತಿಂದ್ರೆ ಕಿಡ್ನಿ ಕಲ್ಲಾಗುತ್ತಂತೆ?”

ಊಟದಿಂದ ಬರುವ ಕ್ಯಾಲ್ಸಿಯಂನಿಂದ ಕಲ್ಲಾಗುವುದಿಲ್ಲ. ಮಾತ್ರೆಯಿಂದ ಆ ಸಾಧ್ಯತೆ ಸ್ವಲ್ಪ ಏರಬಹುದು. ಆದ್ದರಿಂದ ಊಟದಲ್ಲಿ ಎಷ್ಟು ಕಡಿಮೆ ಬೀಳುತ್ತದೋ ಅಷ್ಟಕ್ಕೆ ಮಾತ್ರ ಮಾತ್ರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ ತೆಗೆದುಕೊಳ್ಳಿ. ಥೈರಾಯ್ಡ್ ಮಾತ್ರೆ ನುಂಗುವವರು ಎರಡಕ್ಕೂ ನಡುವೆ ನಾಲ್ಕು ಗಂಟೆ ಬಿಡಿ.

## ಬೀಳದಂತೆ

“ಮನೆಯಲ್ಲಿ ಮೊದಲು ಏನು ಸರಿ ಮಾಡಬೇಕು?”

ಸೊಂಟ ಮುರಿತ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ಆಗುವುದು ಬಿದ್ದೇ. ಹೊರಗಿನ ಒಡೆದ ಫುಟ್‌ಪಾತ್ ಕೈಲಿಲ್ಲದ ಮಾತು. ಮನೆಯೊಳಗಿನದು ನಮ್ಮ ಕೈಯಲ್ಲಿದೆ.

ನನ್ನ ಅಮ್ಮ ಬಿದ್ದದ್ದನ್ನೇ ಹೇಳುತ್ತೇನೆ. ರಾತ್ರಿ ಮೂರು ಗಂಟೆ. ಲೈಟ್ ಹಾಕಿದರೆ ಮೊಮ್ಮಗ ಎದ್ದುಬಿಡುತ್ತಾನೆ ಅಂತ ಕತ್ತಲಲ್ಲೇ ಗೋಡೆ ಸವರಿಕೊಂಡು ಹೋದರು. ಬಚ್ಚಲ ಹೊಸ್ತಿಲಲ್ಲಿ ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಾಲೊರೆಸಲು ಹಾಕಿದ್ದೆವು. ಅಡಿಯಲ್ಲಿ ನುಣುಪಾದ ರೆಡ್ ಆಕ್ಸೈಡ್ ನೆಲ. ಬಟ್ಟೆ ಜಾರಿತು, ಅಮ್ಮ ಎಡಮಗ್ಗುಲಿಗೆ ಬಿದ್ದರು. ಬೇರೆಯವರ ಮನೆಯಲ್ಲಿ ಇಂಥ ಬಟ್ಟೆ ತೆಗೆಸುವ ನಾನು ನನ್ನ ಮನೆಯದನ್ನು ನೋಡಿರಲಿಲ್ಲ.

ಆ ಬಟ್ಟೆ ಇವತ್ತೇ ತೆಗೆಯಿರಿ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಚಿಕ್ಕ ದೀಪ ಹಾಕಿ. ಕಮೋಡ್ ಪಕ್ಕ, ಸ್ನಾನದ ಜಾಗದಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಟವೆಲ್ ರಾಡ್ ಸಾಲದು, ಮೈಭಾರಕ್ಕೆ ಕಿತ್ತು ಬರುತ್ತದೆ. ಕುರ್ಚಿ ಮೇಲೆ ಕೂತು ಸ್ನಾನ ಮಾಡಲಿ. ಸವೆದ ಹವಾಯಿ ಚಪ್ಪಲಿ ಎಸೆದು ಹಿಮ್ಮಡಿಗೆ ಪಟ್ಟಿ ಇರುವುದನ್ನು ತನ್ನಿ. ದಿನಬಳಕೆಯ ಡಬ್ಬಿಗಳನ್ನು ಅಟ್ಟದಿಂದ ಇಳಿಸಿ. ಹಬ್ಬಕ್ಕೆ ಧೂಳು ಹೊಡೆಯಲು ಸ್ಟೂಲ್ ಹತ್ತಿ ಬಿದ್ದವರು ಪ್ರತಿ ವರ್ಷ ನನಗೆ ಸಿಗುತ್ತಾರೆ. ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆಗಳಿಂದ ಎದ್ದ ಕೂಡಲೇ ತಲೆ ಸುತ್ತುತ್ತದೆಯೇ ಅಂತ ಡಾಕ್ಟರಿಗೆ ತೋರಿಸಿ. ಕಣ್ಣಿನ ಪೊರೆಯ ಆಪರೇಷನ್ ಮುಂದೂಡಬೇಡಿ.

“ಎಲ್ಲಿ ಬೀಳ್ತಾರೋ ಅಂತ ಅಮ್ಮನ್ನ ಎಲ್ಲಿಗೂ ಕಳಿಸಲ್ಲ. ಸರಿ ತಾನೆ?”

ಪ್ರೀತಿಯಿಂದಲೇ ಮಾಡುತ್ತೀರಿ, ಆದರೆ ಇದರಿಂದ ಕೆಡುಕೇ ಜಾಸ್ತಿ. ಕೂತ ಮೂಳೆ ಇನ್ನೂ ಕರಗುತ್ತದೆ, ಕೂತ ಕಾಲು ಇನ್ನೂ ಸೋಲುತ್ತದೆ. ಕೋಲು ಕೊಟ್ಟು ಜೊತೆಗೊಬ್ಬರು ಹೋಗಿ. ಮನೆಯಲ್ಲಿ ಒಂದು ಅಭ್ಯಾಸ ಮಾಡಿಸಿ: ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ, ಆದಷ್ಟು ಕೈ ಊರದೆ, ಹತ್ತು ಸಲ ಎದ್ದು ಕೂರುವುದು, ದಿನಕ್ಕೆ ಎರಡು ಹೊತ್ತು. ಮೊದಲ ವಾರ ಮೂರೇ ಸಲ ಆದರೂ ಪರವಾಗಿಲ್ಲ. ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವುದನ್ನೂ ಸೇರಿಸಿ. ಬರೀ ವಾಕಿಂಗ್ ಸಾಲದು. ಬೀಳುವುದನ್ನು ತಡೆಯುವುದು ತೊಡೆಯ ಶಕ್ತಿ ಮತ್ತು ಸಮತೋಲ.

“ಯೋಗ ಕ್ಲಾಸ್‌ಗೆ ಹೋಗಬಹುದಾ?”

ಹೋಗಿ, ಆದರೆ ಗುರುಗಳಿಗೆ ಮೊದಲೇ ಹೇಳಿ. ಬೆನ್ನು ಟೊಳ್ಳಾದವರು ಪೂರ್ತಿ ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ, ಕತ್ತಿನ ಮೇಲೆ ಭಾರ ಬೀಳುವ ಹಲಾಸನ, ಸರ್ವಾಂಗಾಸನ ಮಾಡಬಾರದು. ತಾಡಾಸನ, ಗೋಡೆ ಹಿಡಿದು ವೃಕ್ಷಾಸನ ಒಳ್ಳೆಯದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಬಗ್ಗಿ ಎತ್ತುವುದಕ್ಕೂ ಇದೇ ಮಾತು.

## ಔಷಧಿ

“ವಾರಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ಅದಕ್ಕೆ ಇಷ್ಟೊಂದು ಶಾಸ್ತ್ರ ಯಾಕೆ?”

ಅಲೆಂಡ್ರೊನೇಟ್ 70 ಮಿಲಿಗ್ರಾಂ ಇರಬೇಕು. ಅದು ಮೂಳೆ ಕೆಡವುವ ಜೀವಕೋಶಗಳ ಕೈ ಕಟ್ಟುತ್ತದೆ. ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಕಾಫಿ ಜೊತೆ ನುಂಗಿದರೆ ಆ ಅಲ್ಪದಲ್ಲೂ ಸುಮಾರು ಶೇಕಡಾ 60 ಹೋಯಿತು. ಅದಕ್ಕೇ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಮಾತ್ರೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಆ ಅರ್ಧ ಗಂಟೆ ಕಾಫಿಯೂ ಇಲ್ಲ. ಇದು ಆಗದವರಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕುವ ಜೊಲೆಡ್ರೊನಿಕ್ ಆಸಿಡ್ ಇದೆ. ಮೊದಲ ಸಲ ಎರಡು ದಿನ ಜ್ವರ, ಮೈಕೈ ನೋವು ಬರಬಹುದು. ಕಿಡ್ನಿ, ವಿಟಮಿನ್ ಡಿ ಮೊದಲೇ ನೋಡಿರಬೇಕು.

“ಈ ಔಷಧಿಯಿಂದ ದವಡೆ ಕೊಳೆಯುತ್ತೆ, ತೊಡೆ ಮುರಿಯುತ್ತೆ ಅಂತ ಓದಿದೆ. ನಿಲ್ಲಿಸಿಬಿಡ್ಲಾ?”

ಎರಡೂ ನಿಜ, ಎರಡೂ ಬಹಳ ಅಪರೂಪ. ದವಡೆಯ ತೊಂದರೆ ಜಾಸ್ತಿ ಕಂಡದ್ದು ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ. ಔಷಧಿ ಶುರುವಾಗುವ ಮುಂಚೆ ಹಲ್ಲು ಕೀಳಿಸುವುದಿದ್ದರೆ ಮುಗಿಸಿಕೊಳ್ಳಿ. ವರ್ಷಗಟ್ಟಲೆ ತೆಗೆದುಕೊಂಡವರಿಗೆ ತೊಡೆಯ ನಡುವೆ ಸಣ್ಣ ನೋವು ಶುರುವಾದರೆ ತಡಮಾಡದೆ ಎಕ್ಸ್‌ರೇ ಮಾಡಿಸಿ. ಮಾತ್ರೆಯಾದರೆ ಐದು ವರ್ಷ, ಡ್ರಿಪ್ ಆದರೆ ಮೂರು ವರ್ಷ ಆದ ಮೇಲೆ ಬಿಡುವು ಕೊಡಬಹುದೇ ಅಂತ ಡಾಕ್ಟರು ತೂಗಿ ನೋಡುತ್ತಾರೆ. ನೀವಾಗಿ ನಿಲ್ಲಿಸಬೇಡಿ.

“ಆರು ತಿಂಗಳಿಗೊಮ್ಮೆ ಹಾಕೋ ಇಂಜೆಕ್ಷನ್ ಶುರುವಾಗಿ ಎರಡು ವರ್ಷ ಆಯ್ತು. ಈಗ ಅಮೆರಿಕಕ್ಕೆ ಮಗಳ ಮನೆಗೆ ಹೊರಟಿದ್ದೀನಿ, ಬಂದ್ಮೇಲೆ ಹಾಕಿಸ್ಕೊಂಡ್ರೆ ಆಗಲ್ವಾ?”

ಆಗುವುದಿಲ್ಲ. ಇದು ಡೆನೊಸುಮಾಬ್. ಹಾಕಿಸಿಕೊಳ್ಳುವವರೆಗೆ ಒಳ್ಳೆಯ ಔಷಧಿ, ನಿಂತರೆ ಕೆಡವುವ ಕೆಲಸ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ. ಬೆನ್ನಿನ ಹಲವು ಮಣಿಗಳು ಒಟ್ಟಿಗೇ ಕುಸಿದವರಿದ್ದಾರೆ. ಹೊರಡುವ ಮುಂಚೆ ಡಾಕ್ಟರನ್ನು ಕಂಡು ತಾರೀಖು ಹೊಂದಿಸಿಕೊಳ್ಳಿ. ಬಿಡಲೇಬೇಕಾದರೆ ಅದರ ಬದಲು ಬೇರೆ ಔಷಧಿ ಶುರುವಾಗಬೇಕು. ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಮೂಳೆ ಕಟ್ಟುವ ಔಷಧಿ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಮುಗಿಸುತ್ತಾರೆ. ಅದು ಮುಗಿದ ಮೇಲೂ ಇನ್ನೊಂದು ಔಷಧಿ ಬೇಕು, ಇಲ್ಲವಾದರೆ ಕಟ್ಟಿದ್ದು ಕರಗುತ್ತದೆ.

## ಮುರಿದ ಮೇಲೆ

“ಬಿದ್ದಿದ್ದಾರೆ, ಏಳೋಕಾಗ್ತಿಲ್ಲ. ಕಟ್ಟು ಹಾಕಿಸಿದ್ರೆ ಸಾಲದಾ?”

ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟ ಅಂದರೆ ತೊಡೆಮೂಳೆಯ ಮೇಲ್ತುದಿ ಮುರಿದಿರುತ್ತದೆ. ಎಳೆಯಬೇಡಿ, ತಿಕ್ಕಬೇಡಿ, 108ಕ್ಕೆ ಫೋನ್ ಮಾಡಿ. ಒಳಗೆ ಆಳದಲ್ಲಿರುವ ಈ ಮುರಿತವನ್ನು ಹೊರಗಿನ ಯಾವ ಕಟ್ಟೂ ಹಿಡಿದಿಡಲಾರದು. ಕಟ್ಟಿಗೆ ಅಂತ ಊರೂರು ಸುತ್ತಿ ಹತ್ತು ದಿನ ಕಳೆದವರು ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿಕೊಂಡು ಆಸ್ಪತ್ರೆಗೆ ಬರುತ್ತಾರೆ. ಕೆಲವರು ಮುರಿದ ಮೇಲೂ ಕುಂಟುತ್ತಾ ನಡೆಯುತ್ತಾರೆ. ತೊಡೆಸಂದಿನಲ್ಲಿ ನೋವಿದ್ದು ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಎಂಆರ್‌ಐ ಬೇಕಾ ಅಂತ ಕೇಳಿ.

“ಅಜ್ಜಿಗೆ 84. ಈ ವಯಸ್ಸಲ್ಲಿ ಆಪರೇಷನ್ ಯಾಕೆ, ಮಲಗಿರಲಿ ಬಿಡಿ ಅಂತಾರೆ ಮನೆಯವರು.”

ಮಲಗಿಸುವುದೇ ದೊಡ್ಡ ಅಪಾಯ. ಸೊಂಟ ಮುರಿದವರಲ್ಲಿ ಹತ್ತಿರ ಹತ್ತಿರ ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಆಪರೇಷನ್ ಇಲ್ಲದೆ ಮಲಗಿದವರಲ್ಲಿ ಇನ್ನೂ ಜಾಸ್ತಿ. ಸಾಧ್ಯವಾದರೆ 48 ಗಂಟೆಯೊಳಗೆ ಆಪರೇಷನ್ ಆಗಬೇಕು. ರಾಡ್ ಹಾಕುತ್ತಾರೆ ಅಥವಾ ಅರ್ಧ ಕೀಲು ಬದಲಿಸುತ್ತಾರೆ. ಮಾರನೇ ದಿನವೇ ವಾಕರ್ ಹಿಡಿದು ನಿಲ್ಲಿಸುತ್ತೇವೆ. ನೋವಿನಿಂದ ಬೈಯುತ್ತಾರೆ. ಬೈಯಲಿ, ಎಬ್ಬಿಸಿ ನಿಲ್ಲಿಸಿ.

“ಬೆನ್ನಿನ ಮಣಿ ಕುಸಿದಿದೆ. ಸಿಮೆಂಟ್ ತುಂಬಿಸೋದಾ?”

ಅವಸರ ಬೇಡ. 2009ರಲ್ಲಿ ಎರಡು ಅಧ್ಯಯನಗಳು ಸಿಮೆಂಟ್ ತುಂಬಿಸಿಕೊಂಡ ರೋಗಿಗಳನ್ನು, ಡಾಕ್ಟರು ತುಂಬಿದ ಹಾಗೆ ನಟಿಸಿ ಸಿಮೆಂಟ್ ತುಂಬದೆ ಬಿಟ್ಟ ರೋಗಿಗಳಿಗೆ ಹೋಲಿಸಿದವು. ನೋವು ಇಳಿದದ್ದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಹಳಷ್ಟು ಜನರಿಗೆ ಆರರಿಂದ ಹನ್ನೆರಡು ವಾರದಲ್ಲಿ ನೋವು ತಾನೇ ತಗ್ಗುತ್ತದೆ. ತಡೆಯಲಾರದ ನೋವಿದ್ದರೆ ಇನ್ನೊಬ್ಬ ಡಾಕ್ಟರ ಮಾತನ್ನೂ ಕೇಳಿ. ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ.

“ಮೂಳೆ ಕೂಡಿಕೊಂಡಿದೆ, ಡಿಸ್ಚಾರ್ಜ್ ಆಯ್ತು. ಇನ್ನೇನು?”

ಯಾಕೆ ಮುರಿಯಿತು ಅಂತ ಯಾರಾದರೂ ನೋಡಿದರೇ? ಸೊಂಟ ಮುರಿಯುವ ಮೂರು ವರ್ಷ ಮುಂಚೆ ನನ್ನ ಅಮ್ಮ ಮಣಿಕಟ್ಟು ಮುರಿದುಕೊಂಡಿದ್ದರು. ಒಂದು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿದರು, ಚೆನ್ನಾಗಿ ಕೂಡಿದೆ ಅಂದರು. ಡೆಕ್ಸಾ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಗ ನನಗೆ ಬೆರಳು ಮಡಚಿಸುವ ವ್ಯಾಯಾಮದ ಮೇಲೇ ಗಮನ. ಒಂದು ಸಲ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚುಕಮ್ಮಿ ಎರಡರಷ್ಟು, ಅದರಲ್ಲೂ ಮೊದಲ ಎರಡು ವರ್ಷ.

2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸೊಂಟದ ಆಪರೇಷನ್ ಆದ 90 ದಿನದೊಳಗೆ ಜೊಲೆಡ್ರೊನಿಕ್ ಆಸಿಡ್ ಕೊಟ್ಟವರಲ್ಲಿ ಹೊಸ ಮುರಿತ ಶೇಕಡಾ 35, ಸಾವು ಶೇಕಡಾ 28 ಕಡಿಮೆಯಾಗಿತ್ತು. ಆದ್ದರಿಂದ ಡಿಸ್ಚಾರ್ಜ್ ಕಾಗದ ಕೈಗೆ ಬಂದಾಗ, ಬಿಲ್ಲು ಕಟ್ಟುವ ಗಡಿಬಿಡಿಗೆ ಮುಂಚೆ, ಒಂದು ನಿಮಿಷ ಓದಿ. ಡೆಕ್ಸಾ ಯಾವಾಗ, ಮೂಳೆಯ ಔಷಧಿ ಯಾವುದು, ಮೊದಲ ಡೋಸ್ ಎಂದು, ಮುಂದೆ ನೋಡುವ ಡಾಕ್ಟರು ಯಾರು. ಈ ನಾಲ್ಕೂ ಅದರಲ್ಲಿ ಇಲ್ಲದಿದ್ದರೆ ವಾರ್ಡಿನಿಂದ ಹೊರಡಬೇಡಿ, ಬರೆಸಿಕೊಳ್ಳಿ.